ಸೋಲಾರ್ ಡಿಸಿ ಬಾಕ್ಸಿಗೆ ಮನೆಯ ಮಾಮೂಲಿ ಎಂಸಿಬಿ ಹಾಕಿಸಬೇಡಿ

ನಮ್ಮ ತಾರಸಿಯಲ್ಲಿ 540 ವ್ಯಾಟ್‌ನ ಆರು ಪ್ಯಾನೆಲ್ ಇವೆ. ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಕಳೆದ ಮಳೆಗಾಲದಲ್ಲಿ ಪ್ಯಾನೆಲ್‌ನ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ಕರೆಂಟ್ ಬರುವ ಡಿಸಿ ಬಾಕ್ಸಿನ ಎಂಸಿಬಿ, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಕೆಟ್ಟಿತು. ಸೋಲಾರ್ ಹಾಕಿಕೊಟ್ಟವರು ಫೋನ್ ಎತ್ತಲಿಲ್ಲ. ಮನೆ ವೈರಿಂಗ್ ಮಾಡಿದ್ದ ಎಲೆಕ್ಟ್ರಿಷಿಯನ್ ಬಂದು, ಅಂಗಡಿಯಿಂದ 16 ಆಂಪ್‌ನ ಸಿಂಗಲ್ ಪೋಲ್ (ಒಂದೇ ತಂತಿ ಕಡಿಯುವ) ಎಂಸಿಬಿ ತಂದು ಕೂರಿಸಿದರು. "ಆಂಪ್ ಸರಿಯಾಗಿದೆ ಸರ್, ಏನೂ ಆಗಲ್ಲ" ಅಂದರು. ನಾನೂ ನಂಬಿದೆ.

ಮಾರ್ಚ್‌ನ ಒಂದು ಮಧ್ಯಾಹ್ನ. ಪ್ಯಾನೆಲ್‌ನ ಡಿಸಿಯನ್ನು ಮನೆಯ ಎಸಿ ಮಾಡುವ ಇನ್ವರ್ಟರ್‌ನ ಧೂಳು ಒರೆಸೋಣ ಅಂತ ಆ ಎಂಸಿಬಿಯನ್ನು ಕೆಳಗೆ ಇಳಿಸಿದೆ. ಟಪ್ ಅಂತು. ಆದರೆ ಇನ್ವರ್ಟರ್ ಆಫ್ ಆಗಲಿಲ್ಲ. ಒಳಗಿಂದ ಬುಸ್ ಅನ್ನೋ ಸದ್ದು ಶುರುವಾಯಿತು. ಎಂಸಿಬಿಯ ಸಂದಿಯಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಕಾಣುವಂಥ ನೀಲಿ ಬೆಳಕು. ನೋಡನೋಡುತ್ತಲೇ ಪ್ಲಾಸ್ಟಿಕ್ ಉಬ್ಬಿತು, ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ನನಗೆ ಕೈಕಾಲೇ ಆಡಲಿಲ್ಲ. ಓಡಿಬಂದ ಹೆಂಡತಿ ಪಕ್ಕದ ಎಸಿ ಬಾಕ್ಸಿನ ಎಂಸಿಬಿ ಇಳಿಸಿದಳು. ಇನ್ವರ್ಟರ್ ಕರೆಂಟ್ ಎಳೆಯೋದು ನಿಂತಿತು, ಕಿಡಿಯೂ ಆರಿತು. ಪ್ಲಸ್ಸು ಮೈನಸ್ಸಿನ ನಡುವೆಯೇ ಕಿಡಿ ಹತ್ತಿದ್ದರೆ ಇಷ್ಟಕ್ಕೆ ಆರುತ್ತಿರಲಿಲ್ಲ. ಈಗ ನೆನೆಸಿಕೊಂಡರೂ ಮೈ ನಡುಗುತ್ತದೆ.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ಮನೆಗೆ ಬರುವ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಎಂಸಿಬಿ ಬಿಟ್ಟುಕೊಂಡಾಗ ಹತ್ತುವ ಕಿಡಿಗೆ ಆರಲು ಅಷ್ಟು ಬಿಡುವು ಸಾಕು. ಪ್ಯಾನೆಲ್‌ನ ಡಿಸಿಗೆ ಆ ಬಿಡುವೇ ಇಲ್ಲ. ಆರು ಪ್ಯಾನೆಲ್ ಸೀರೀಸ್‌ನಲ್ಲಿದ್ದರೆ (ಒಂದರ ಹಿಂದೆ ಒಂದು ಜೋಡಿಸಿದ್ದರೆ) ಹತ್ತಿರ ಹತ್ತಿರ 300 ವೋಲ್ಟ್. ಬಿಸಿಲಿರುವ ತನಕ ಕಿಡಿ ಉರಿಯುತ್ತಲೇ ಇರಬಹುದು. ಡಿಸಿ ಎಂಸಿಬಿಯನ್ನು ಆ ಕಿಡಿಯನ್ನು ಎಳೆದು, ತುಂಡರಿಸಿ ಆರಿಸೋ ಹಾಗೆ ಮಾಡಿರುತ್ತಾರೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಎಷ್ಟೋ ಡಿಸಿ ಎಂಸಿಬಿಗಳ ಮೇಲೆ ಪ್ಲಸ್, ಮೈನಸ್ ಗುರುತು ಇರುತ್ತದೆ. ಅದನ್ನು ಉಲ್ಟಾ ಕೊಟ್ಟರೆ ಕಿಡಿ ತಪ್ಪು ದಿಕ್ಕಿಗೆ ಹೋಗುತ್ತದೆ, ಆರಬೇಕಾದ ಕಡೆ ಆರೋದಿಲ್ಲ. ಹೊಸದು ಹಾಕುವಾಗ ಪಕ್ಕದಲ್ಲೇ ನಿಂತು ಕೇಳಿ, ಸಂಕೋಚ ಬೇಡ. ವೋಲ್ಟೇಜ್ ಕೂಡ ನೋಡಿ. ಚಳಿಗಾಲದ ಬೆಳಿಗ್ಗೆ ಪ್ಯಾನೆಲ್ ವೋಲ್ಟೇಜ್ ಇನ್ನೂ ಏರುತ್ತದೆ, ಅದಕ್ಕಿಂತ ಜಾಸ್ತಿ ತಡೆಯೋದೇ ಇರಬೇಕು. ನಮ್ಮಲ್ಲಿ ಈಗ 500 ವೋಲ್ಟ್ ಡಿಸಿಯ ಡಬಲ್ ಪೋಲ್ (ಪ್ಲಸ್ಸು, ಮೈನಸ್ಸು ಎರಡನ್ನೂ ಕಡಿಯುವ) ಎಂಸಿಬಿ ಇದೆ.

ಶಾರ್ಟ್ ಆದರೆ ಎಂಸಿಬಿ ತಾನೇ ಬೀಳುತ್ತೆ ಅಂತಲೂ ಸುಮ್ನೆ ಕೂರಬೇಡಿ. ನಮ್ಮ ಪ್ಯಾನೆಲ್ ಮಾಮೂಲಿಯಾಗಿ ಕೊಡೋದು 13 ಆಂಪ್, ಶಾರ್ಟ್ ಆದಾಗ ಸುಮಾರು 14. ಇಷ್ಟಕ್ಕೆ 16 ಆಂಪ್‌ನದು ಬೀಳುತ್ತಾ? ಇಲ್ಲ ಅಲ್ವಾ. ಹಾಗಾಗಿ ಸ್ಕ್ರೂ ಬಿಗಿಯಾಗಿರೋದು, ಕೇಬಲ್ ಎಲ್ಲೂ ಉಜ್ಜದೆ ಇರೋದು ಇಲ್ಲಿ ತುಂಬಾ ಮುಖ್ಯ. ಬಿಸಿಲಲ್ಲಿ ಕೇಬಲ್ ಕನೆಕ್ಟರ್ ಎಳೆಯಲೇಬೇಡಿ, ಅಲ್ಲೂ ಇದೇ ಕಿಡಿ ಹತ್ತುತ್ತದೆ. ಆಫ್ ಮಾಡಬೇಕಾದರೆ ಮೊದಲು ಎಸಿ ಕಡೆ, ಆಮೇಲೆ ಡಿಸಿ.

ಇವತ್ತು ಸೂರ್ಯ ಮುಳುಗಿದ ಮೇಲೆ ನಿಮ್ಮ ಡಿಸಿ ಬಾಕ್ಸಿನ ಗಾಜಿನ ಮುಚ್ಚಳದಿಂದಲೇ ಟಾರ್ಚ್ ಬಿಟ್ಟು ನೋಡಿ, ಒಳಗೆ ಕೈ ಹಾಕಬೇಡಿ. ಎಂಸಿಬಿ ಮೇಲೆ ವೋಲ್ಟ್ ಪಕ್ಕ ಅಲೆಯಂಥ ಗೆರೆ ಮಾತ್ರ ಇದ್ದರೆ ಅದು ಎಸಿಯದು. ಅದನ್ನು ಮುಟ್ಟದೆ, ಸೋಲಾರ್ ಕೆಲಸ ಗೊತ್ತಿರುವವರನ್ನು ನಾಳೆಯೇ ಕರೆಸಿ.