ಪುಣೆಲಿ ಟೆನಿಸ್ ರಾಕೆಟ್‌ಗೆ ದಾರ ಹಾಕ್ಸೋರು ಡೆಕ್ಕನ್ ಕಡೆ ಈ ಕಾಕಾನ ಅಂಗಡಿಗೆ ಹೋಗಿ

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, ಕೆಲಸಕ್ಕೆ ಐದಕ್ಕೆ ಐದು, ಟೈಮಿಗೆ ಎರಡು. ಡೆಕ್ಕನ್ ಜಿಮಖಾನಾ ಹತ್ರ ಒಂದು ಒಳಗಲ್ಲಿ, ಬೋರ್ಡ್ ಅಂತ ಏನಿಲ್ಲ, ಗೋಡೆ ಮೇಲೆ ಪೇಂಟಲ್ಲಿ ಬರ್ದಿದಾರೆ ಅಷ್ಟೆ, ಪಕ್ಕದ ಜೆರಾಕ್ಸ್ ಅಂಗಡಿಲಿ ಕೇಳಿದ್ರೆ ತೋರಿಸ್ತಾರೆ. ಓನರ್ ಕಾಕಾ ಸೊಲ್ಲಾಪುರದ ಕಡೆಯೋರು, ಮನೇಲಿ ಕನ್ನಡ, ನಾನೂ ಮಗಳೂ ಬಾಗಿಲಲ್ಲಿ ಮಾತಾಡ್ಕೊಳ್ತಿದ್ದಿದ್ದು ಕೇಳಿ "ಬರ್ರಿ ಒಳಗ" ಅಂದ್ರು ನೋಡಿ, ನನ್ನ ಹರುಕು ಮುರುಕು ಮರಾಠಿಗೆ ಅಲ್ಲೇ ರಜಾ ಸಿಕ್ತು.

ಮಗಳಿಗೆ ಹನ್ನೊಂದು ವರ್ಷ, ರೊಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ ಅಂದ್ರೆ ಹುಚ್ಚು. ಹಾಲೆಪ್ 2025ರಲ್ಲೇ ರಿಟೈರ್ ಆದ್ಲು, ಇವ್ಳು ನೋಡೋದೆಲ್ಲ ಹಳೇ ಮ್ಯಾಚ್ ವಿಡಿಯೋನೇ. ಕಾರಣ ಏನಂದ್ರೆ ಇವ್ಳು ಕ್ಲಾಸಲ್ಲೇ ಕುಳ್ಳಿ, ಹಾಲೆಪ್ಪೂ ಐದಡಿ ಆರಿಂಚು ಅಷ್ಟೆ, ಟೂರಲ್ಲಿ ಅದು ಸಣ್ಣ ಆಳೇ, ಆದ್ರೂ 2019ರ ವಿಂಬಲ್ಡನ್ ಫೈನಲಲ್ಲಿ ಸೆರೀನಾನ 6-2, 6-2ರಲ್ಲಿ ಮುಗ್ಸಿದ್ಲಲ್ಲ. ಹಂಗಾಗಿ ನಮ್ಮ ಮೇಡಂಗೂ 27 ಇಂಚಿನ ದೊಡ್ಡೋರ ರಾಕೆಟ್ಟೇ ಬೇಕು, ಪಾಲಿಯೆಸ್ಟರ್ ದಾರನೇ ಬೇಕು, ಬಿಗಿಯಾಗೇ ಇರ್ಬೇಕು. ಮಾಲಲ್ಲಿರೋ ಒಂದು ದೊಡ್ಡ ಅಂಗಡಿಲಿ ಸೇಲ್ಸ್ ಹುಡುಗ ಅವ್ಳ ಕೈ ಸೈಜೂ ನೋಡ್ದೆ ಅದನ್ನೇ ಪ್ಯಾಕ್ ಮಾಡಿ ಕೊಟ್ಟಿದ್ದ, ಆಡೋಕ್ ಶುರು ಮಾಡಿ ಸ್ವಲ್ಪ ದಿನಕ್ಕೇ ಮೊಣಕೈ ನೋವು ಅಂತ ಕೂತ್ಲು.

ಕಾಕಾ ರಾಕೆಟ್ ತಗೊಂಡು ದಾರ ಮೇಲೆ ಉಗುರಲ್ಲಿ ಟಣ್ ಅನ್ಸಿ, ಯಾರ್ ಹೇಳಿದ್ರು ಇಷ್ಟ್ ಬಿಗಿ ಅಂದ್ರು. ಇವ್ಳು ಹಾಲೆಪ್ ಹೆಸ್ರು ಹೇಳಿದ್ಲು. "ಯಾವ ಹಾಲೆಪ್ವಾ, 2008ರಾಗಿನಾಕಿನೋ 2018ರಾಗಿನಾಕಿನೋ?"

ಅಲ್ಲಿಂದ ಶುರು ಆಯ್ತು. ಕೈ ಕೆಲಸ ಮಾಡ್ತಾನೇ ಇದೆ, ಹಳೇ ದಾರನ ನಡುವಿಂದ ಶುರು ಮಾಡಿ ಅಡ್ಡ ಒಂದು ಉದ್ದ ಒಂದು ಅಂತ ಹೊರಗಡೆಗೆ ಕತ್ತರಿಸ್ಕೊಂಡ್ ಹೋಗ್ತಾರೆ, ಒಂದೇ ಕಡೆಯಿಂದ ಕತ್ತರಿಸಿದ್ರೆ ಫ್ರೇಮ್ ಸೊಟ್ಟ ಆಗುತ್ತಂತೆ, ಬಾಯಲ್ಲಿ ಮಾತ್ರ ರೊಮೇನಿಯಾ. ಕಪ್ಪು ಸಮುದ್ರದ ದಡದ ಕೊನ್ಸ್ಟಾಂಟ್ಸಾ ಊರಿನ ಹುಡುಗಿ, ಅಣ್ಣ ಆಡ್ತಾನೆ ಅಂತ ನಾಲ್ಕನೇ ವಯಸ್ಸಿಗೇ ಕೋರ್ಟಿಗಿಳಿದೋಳು, ಹದಿನಾರಕ್ಕೆ ಮನೆ ಬಿಟ್ಟು ಬುಕಾರೆಸ್ಟ್‌ಗೆ ಹೋದ್ಲು, 2008ರಲ್ಲಿ ಪ್ಯಾರಿಸ್‌ನ ಫ್ರೆಂಚ್ ಓಪನ್ ಜೂನಿಯರ್ ಫೈನಲಲ್ಲಿ ತನ್ನ ದೇಶದವ್ಳೇ ಎಲೆನಾ ಬೊಗ್ಡಾನ್‌ನ ಸೋಲ್ಸಿ ಚಾಂಪಿಯನ್. ಆಮೇಲೆ? ಐದು ವರ್ಷ ಡಬ್ಲ್ಯೂಟಿಎ, ಅಂದ್ರೆ ಹೆಂಗಸರ ಪ್ರೊಫೆಷನಲ್ ಟೂರಿಂದು, ಒಂದು ಟೈಟಲ್ಲೂ ಇಲ್ಲ. 2010ರಲ್ಲಿ ಮೊರಾಕ್ಕೋದ ಫೆಸ್ ಫೈನಲ್ ಸೋತ್ಲು, 2011ರಲ್ಲಿ ಅದೇ ಊರಲ್ಲಿ ಮತ್ತೆ ಸೋತ್ಲು, 2012ರಲ್ಲಿ ಬ್ರಸೆಲ್ಸಲ್ಲಿ ರಾದ್ವಾನ್ಸ್ಕಾ ಹತ್ರ. ಎಲ್ರೂ ಅವ್ಳು ಗೆದ್ದ 2018ರ ಫ್ರೆಂಚ್ ಓಪನ್ ವಿಡಿಯೋ ನೋಡ್ತಾರೆ, ಈ ಮೂರು ಫೈನಲ್ ಯಾರ್ ನೋಡ್ತಾರೆ ಹೇಳಿ ಅಂತ ಕಾಕಾ.

ನಂಗೂ ಟೆನಿಸ್ ಅಂದ್ರೆ ಇಷ್ಟಾನೇ, 2013 ನಾನೇ ಜೋಡಿಸ್ದೆ. ಆ ವರ್ಷ ಜೂನಲ್ಲಿ ನ್ಯೂರೆಂಬರ್ಗ್ ಮಣ್ಣಿನ ಕೋರ್ಟಲ್ಲಿ ಮೊದಲ್ನೇ ಟೈಟಲ್, ಮುಂದಿನ ವಾರನೇ ಹಾಲೆಂಡಲ್ಲಿ ಹುಲ್ಲಿನ ಮೇಲೆ ಇನ್ನೊಂದು, ಆಮೇಲೆ ಬುಡಾಪೆಸ್ಟ್, ನ್ಯೂ ಹೇವನ್, ಮಾಸ್ಕೋ, ಸೋಫಿಯಾ, ಒಟ್ಟು ಆರು! ಕಟ್ಟೆ ಒಡೆದಂಗೆ. ಮುಂದಿನ ವರ್ಷ ಪ್ಯಾರಿಸ್ ಫೈನಲಲ್ಲಿ ಶರಪೋವಾ ಹತ್ರ ಮೂರು ಸೆಟ್ ಆಡಿ ಸೋತ್ಲು, ಅದನ್ನ ನಾನು ಲೈವ್ ನೋಡಿದ್ದೆ, ನನ್ನ ಪ್ರಕಾರ ಅವ್ಳ ಬೆಸ್ಟ್ ಮ್ಯಾಚ್ ಅದೇ, ಗೆದ್ದಿರೋ ಯಾವ್ದೂ ಅಲ್ಲ.

ಜೂನಿಯರ್ ಗೆದ್ದೋರೆಲ್ಲ ಹಿಂಗೇ ಮೇಲೆ ಬರ್ತಾರೆ ಅಂತಾನೂ ಇಲ್ಲ. ಫ್ಲೋರಿನ್ ಮರ್ಜಿಯಾ ಗೊತ್ತಲ್ಲ, ನಮ್ಮ ಕೊಡಗಿನ ಬೋಪಣ್ಣ ಜೊತೆ 2015ರಲ್ಲಿ ಮ್ಯಾಡ್ರಿಡ್ ಗೆದ್ದೋನು, ಅವ್ನೂ ರೊಮೇನಿಯಾದವ್ನೇ, 2003ರ ವಿಂಬಲ್ಡನ್ ಜೂನಿಯರ್ ಚಾಂಪಿಯನ್, ಆದ್ರೆ ಸಿಂಗಲ್ಸ್ ಕೈ ಹಿಡೀಲಿಲ್ಲ, ಡಬಲ್ಸಲ್ಲೇ ಟಾಪ್ ಟೆನ್‌ಗೆ ಬಂದ. 2015ರ ವಿಂಬಲ್ಡನ್ ಡಬಲ್ಸ್ ಸೆಮಿಲಿ ಇವ್ರಿಬ್ರನ್ನ ಐದು ಸೆಟ್ಟಲ್ಲಿ ಹೊರಗೆ ಹಾಕಿದ ಜೋಡಿಲಿ ಯಾರಿದ್ದ ಹೇಳಿ, ಹೊರಿಯಾ ಟೆಕಾವ್, ಜೂನಿಯರಲ್ಲಿ ಮರ್ಜಿಯಾಗೆ ಜೊತೆಗಾರ ಆಗಿದ್ದೋನೇ. ಬೋಪಣ್ಣ 2019ರಲ್ಲಿ ದಿವಿಜ್ ಶರಣ್ ಜೊತೆ ಇಲ್ಲೇ ಪುಣೆಯ ಬಾಳೇವಾಡಿಲಿ ಡಬಲ್ಸ್ ಟೈಟಲ್ ಗೆದ್ದಾಗ ಕಾಕಾ ಸ್ಟ್ಯಾಂಡಲ್ಲಿದ್ರಂತೆ, ಆ ಕಥೆ ಎಳೀತಾರೆ, ಅರ್ಜೆಂಟಿದ್ರೆ ಬೋಪಣ್ಣ ಹೆಸ್ರು ಎತ್ಲೇಬೇಡಿ.

ಕೊನೆಗೆ ಆಗಿದ್ದಿಷ್ಟು. ದೊಡ್ಡ ರಾಕೆಟ್ ಎತ್ತಿಡಿ ಅಂದ್ರು. ಮನೇಲಿದ್ದ ಹಳೇ 26 ಇಂಚಿಂದು ತರ್ಸಿ, ಮೆತ್ತಗಿರೋ ಮಲ್ಟಿಫಿಲಮೆಂಟ್ ದಾರ ಹಾಕಿ, ಬಿಗಿನ ನಲವತ್ತೆಂಟು ಪೌಂಡ್‌ಗೆ ಇಳಿಸಿದ್ರು. ಬಿಗಿ ಕಮ್ಮಿ ಆದ್ರೆ ಚೆಂಡು ತಾನೇ ಚಿಮ್ಮುತ್ತೆ, ಮಗು ತೋಳು ಅಷ್ಟು ಒದ್ದಾಡ್ಬೇಕಾಗಿಲ್ಲ, ಪಾಲಿಯೆಸ್ಟರ್ ಎಲ್ಲ ಜೋರಾಗಿ ಬೀಸೋ ದೊಡ್ಡೋರಿಗೆ. ಅವ್ಳು ಮುಖ ಊದಿಸ್ಕೊಂಡ್ಲು. "ಹಾಲೆಪ್ ಓಡಿ ಓಡಿ ಗೆದ್ದಾಕಿ, ದಾರದಿಂದ ಅಲ್ಲ" ಅಂದ್ಬಿಟ್ರು ಕಾಕಾ ಮುಲಾಜಿಲ್ದೆ. ಮೊಣಕೈ ನೋವು ಈಗಿಲ್ಲ, ಬ್ಯಾಕ್‌ಹ್ಯಾಂಡ್ ನೆಟ್ ದಾಟ್ತಿದೆ, ನಂಗಷ್ಟು ಸಾಕು.

ಮೈನಸ್ ಪಾಯಿಂಟೂ ಇದೆ. ಸಂಜೆ ಕೊಡ್ತೀನಿ ಅಂದ್ರೆ ನಾಳೆ ಸಂಜೆ ಅಂತಲೇ ತಿಳ್ಕೊಳ್ಳಿ, ಫೋನ್ ಎತ್ತಲ್ಲ, ಬ್ಯಾಡ್ಮಿಂಟನ್ ರಾಕೆಟ್‌ಗಳು ಸಾಲಾಗ್ ನೇತಾಡ್ತಿದ್ರೆ ನಿಮ್ದು ಕೊನೇಗೇ. ಮಕ್ಕಳ ಗ್ರಿಪ್ ಸ್ಟಾಕ್ ಇರಲ್ಲ, ಬೇರೆ ಕಡೆ ತಗೊಂಡೇ ಹೋಗಿ. ಕೂಲಿ 300, ದಾರದ ದುಡ್ಡು ಬೇರೆ, ಯುಪಿಐ ನಡಿಯುತ್ತೆ. ಕಾರ್ ಆ ಗಲ್ಲಿಗೆ ನುಗ್ಗಲ್ಲ, ಸ್ಕೂಟರೇ ಬೆಸ್ಟ್. ಮತ್ತೆ ಮಧ್ಯಾಹ್ನ ಒಂದರಿಂದ ನಾಲ್ಕು ಬಂದ್, ಪುಣೆ ಅಲ್ವಾ, ಬಾಗಿಲು ಬಡಿಯೋಕ್ ಹೋಗ್ಬೇಡಿ.