ತಿರುಪು ಒಂದು ಸರಿ ಇದ್ದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ

ಮಗಳು ಎಂಟನೇ ಕ್ಲಾಸಿಗೆ ಹೋದಾಗ ಮಂಡ್ಯದ ಪೇಟೆ ಬೀದಿಯಲ್ಲಿ 160 ರೂಪಾಯಿ ಕೊಟ್ಟು ಈ ಜಾಮಿಟ್ರಿ ಬಾಕ್ಸ್ ತಂದೆ. ಈಗ ಅವಳು ಎಸ್ಸೆಸ್ಸೆಲ್ಸಿ. ಡಬ್ಬ ಗಟ್ಟಿಯಾಗಿದೆ. ಕೋನಮಾಪಕದ ಅಂಕಿಗಳು ಒಂದೇ ವರ್ಷಕ್ಕೆ ಅಳಿಸಿದವು, ಹೋಗಲಿ.

ನನ್ನ ಜಗಳ ಇರುವುದು ಕೈವಾರದ ಜೊತೆ. ಎರಡು ಕಾಲು ಸೇರುವ ಕಡೆಯ ತಿರುಪು ನಿಲ್ಲುವುದೇ ಇಲ್ಲ. ಹೋದ ತಿಂಗಳು ಸ್ಪರ್ಶಕದ, ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆಯ, ಲೆಕ್ಕ ಬಂತು. 3 ಸೆಂ.ಮೀ. ತ್ರಿಜ್ಯದ ವೃತ್ತ, ಕೇಂದ್ರದಿಂದ 5 ಸೆಂ.ಮೀ. ದೂರದಲ್ಲಿ ಒಂದು ಬಿಂದು. ನಡುವಿನ ಗೆರೆಯನ್ನು ಅರ್ಧ ಮಾಡಿ, ಅಲ್ಲಿಂದ 2.5ರ ಇನ್ನೊಂದು ವೃತ್ತ. ಎರಡೂ ಕತ್ತರಿಸುವ ಜಾಗಕ್ಕೆ ಹೊರಗಿನ ಬಿಂದುವಿನಿಂದ ಗೆರೆ ಎಳೆದರೆ ಅದೇ ಸ್ಪರ್ಶಕ. ಅರ್ಧ ವೃತ್ತದೊಳಗಿನ ಕೋನ 90 ಡಿಗ್ರಿ, ಹಾಗಾಗಿ ಪೈಥಾಗೊರಸ್ ಪ್ರಕಾರ 25ರಲ್ಲಿ 9 ಕಳೆದು 16, ವರ್ಗಮೂಲ 4, ಅದೇ ಸ್ಪರ್ಶಕದ ಉದ್ದ. ಸ್ಕೇಲಿನಲ್ಲಿ ಅಳೆದರೆ 4.3! ಮೂರು ಸಲ ಅಳಿಸಿ ಎಳೆದಳು, ಪುಟ ತೂತಾಯಿತು. ‘ಅಮ್ಮಾ, ನಂದೇ ತಪ್ಪಾ?’ ಅಂತ ಅಳು ಬೇರೆ. ನೋಡಿದರೆ ಕೈವಾರದ ಕಾಲು ಜಾರಿ ಮೊದಲ ವೃತ್ತದ ತ್ರಿಜ್ಯ 3ರಿಂದ 2.6ಕ್ಕೆ ಇಳಿದಿತ್ತು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಈಗ ದಿನಾ ಸಂಜೆ ಮಷಿನ್ನಿನ ಚಿಕ್ಕ ಸ್ಕ್ರೂಡ್ರೈವರ್ ತಗೊಂಡು ತಿರುಪು ಬಿಗಿ ಮಾಡುತ್ತೇನೆ. ಪೆನ್ಸಿಲ್ ಅಲುಗದ ಹಾಗೆ ಅದಕ್ಕೆ ನಾಲ್ಕು ಸುತ್ತು ದಾರ. ಅವಳು ಮುಳ್ಳಿನ ತುದಿ, ಪೆನ್ಸಿಲ್ ತುದಿ ಸಮ ಇದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ರಫ್ ಪುಟದಲ್ಲಿ ಒಂದು ವೃತ್ತ ಎಳೆದು, ಗೆರೆ ಕೂಡಿದರೆ ಮಾತ್ರ ಲೆಕ್ಕ ಶುರು.

ಹೀಗೆ ಪಕ್ಕ ಕೂತಿದ್ದಾಗ ಒಂದು ದಿನ ಅಂಬ್ರೆಲ್ಲಾ ಸ್ಕರ್ಟ್ ಕತ್ತರಿಸುತ್ತಿದ್ದೆ. ಸೊಂಟ 26 ಇಂಚು. ಸೊಂಟಕ್ಕೆ ಕತ್ತರಿಸುವ ವೃತ್ತದ ತ್ರಿಜ್ಯಕ್ಕೆ ನಾನು ಕಲಿತದ್ದು ಆರರಿಂದ ಭಾಗಿಸು ಅಂತ, ಅಂದರೆ ಸುಮಾರು 4.3. ಅವಳು 2πr = 26 ಅಂತ ಬರೆದು 4.14 ತೆಗೆದಳು. ‘ನಿಂದು ಸುತ್ತಳತೆ ಒಂದಿಂಚು ಜಾಸ್ತಿ ಬರುತ್ತೆ ಕಣಮ್ಮ.’ ನಿಜ! ಇಷ್ಟು ವರ್ಷ ಆ ಇಂಚನ್ನು ನೆರಿಗೆಯಲ್ಲಿ ಅಡಗಿಸುತ್ತಿದ್ದೆ.

ಮೂರು ಸ್ಟಾರ್. ಪರೀಕ್ಷೆಗೆ ಬಿಡಿ ಕೈವಾರ ಬೇರೆ ಕೊಡಿಸುತ್ತೇನೆ. ಈ ಡಬ್ಬ ಮಾತ್ರ ನನ್ನ ಮಾರ್ಕಿಂಗ್ ಚಾಕ್‌ಗೆ ಬೇಕು, ಈಗಲೇ ಹೇಳಿಟ್ಟಿದ್ದೇನೆ.