ಎಫ್ ಈಕ್ವಲ್ ಟು ಎಂಎ, ವರ್ಕ್-ಎನರ್ಜಿ, ಇಂಪಲ್ಸ್: ನನ್ನ ಓಟು ಇಂಪಲ್ಸ್‌ಗೇ

ಗೋಣಿಕೊಪ್ಪದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ತಗೋತೀನಿ, ಫೋರ್ಸ್ ಲೆಕ್ಕಗಳನ್ನ ಈ ಮೂರೂ ದಾರೀಲಿ ಮಾಡ್ಸಿ ನೋಡಿದೀನಿ. ಎಂಎ ಅಂದ್ರೆ ಫೋರ್ಸ್ ಈಕ್ವಲ್ ಟು ಮಾಸ್ ಇಂಟು ಅಸೆಲರೇಶನ್ (ವೇಗ ಬದಲಾಗೋ ದರ). ವರ್ಕ್-ಎನರ್ಜಿ ಅಂದ್ರೆ ಫೋರ್ಸ್ ಇಂಟು ದೂರ, ಅದು ಚಲನೆಯ ಎನರ್ಜಿ ಬದಲಾವಣೆಗೆ ಸಮ. ಇಂಪಲ್ಸ್ ಅಂದ್ರೆ ಫೋರ್ಸ್ ಇಂಟು ಟೈಮ್, ಅದು ಮೊಮೆಂಟಮ್ (ಮಾಸ್ ಇಂಟು ವೇಗ) ಬದಲಾವಣೆಗೆ ಸಮ. ಹೊಡೆತ, ಡಿಕ್ಕಿ, ಕ್ಯಾಚ್ ಅಂತ ಬಂದ್ರೆ ಇಂಪಲ್ಸ್ ಬಿಟ್ಟು ಬೇರೆ ಕಡೆ ನಾನು ಹೋಗೋದೇ ಇಲ್ಲ.

1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರುವಾದ ಜಿಲ್ಲೆ ನಮ್ದು, ಹಾಗಾಗಿ ಲೆಕ್ಕಾನೂ ಹಾಕಿದೇ ಕೊಡ್ತೀನಿ. 160 ಗ್ರಾಂ ಬಾಲು ಸೆಕೆಂಡಿಗೆ 20 ಮೀಟರಲ್ಲಿ ಬಂತು, ಸ್ಟಿಕ್ಕಿಗೆ ತಾಗಿ 30ರಲ್ಲಿ ವಾಪಸ್ ಹೋಯ್ತು, ತಾಗಿದ್ದ ಟೈಮು 0.002 ಸೆಕೆಂಡ್ ಅಂತ ಇಟ್ಕೊಳ್ಳಿ. ಮೊಮೆಂಟಮ್ ಬದಲಾಗಿದ್ದು 0.16 ಇಂಟು 50, ಅಂದ್ರೆ 8. ಅದನ್ನ 0.002ರಿಂದ ಭಾಗಿಸಿ, 4000 ನ್ಯೂಟನ್, ಮುಗೀತು.

ಇದ್ರಲ್ಲಿ ತಲೆ ತಿನ್ನೋದು ಒಂದೇ, ಸೈನು, ಅಂದ್ರೆ ಪ್ಲಸ್-ಮೈನಸ್ ಗುರುತು. "ಸರ್, 30ರಲ್ಲಿ 20 ಕಳೆದ್ರೆ ಹತ್ತೇ ಅಲ್ವಾ" ಅಂತ ಪ್ರತಿ ಬ್ಯಾಚಲ್ಲೂ ಯಾರಾದ್ರೂ ಕೇಳೇ ಕೇಳ್ತಾರೆ, ಆ ಹತ್ತನ್ನ ಹಿಡ್ಕೊಂಡು ಹೋದ್ರೆ 800 ನ್ಯೂಟನ್ ಬರುತ್ತೆ, ಐದು ಪಟ್ಟು ಕಮ್ಮಿ, ಆಬ್ಜೆಕ್ಟಿವ್ ಪೇಪರಲ್ಲಿ ಆ 800 ಒಂದು ಆಪ್ಷನ್ ಆಗಿ ಕಾದು ಕೂತಿರುತ್ತೆ.

ಬಾಲು ಮೊದಲು ನಿಲ್ಲಬೇಕು, ಆಮೇಲೆ ತಿರುಗಿ ಹೋಗಬೇಕು, ಸ್ಟಿಕ್ಕು ಎರಡೂ ಕೆಲಸ ಮಾಡಿದೆ. ಅದಕ್ಕೆ ಲೆಕ್ಕ ಮುಟ್ಟೋ ಮುಂಚೆನೇ ಬಾಣದ ಗುರುತು ಹಾಕ್ಸ್ತೀನಿ, ವಾಪಸ್ ಹೋಗೋ ದಿಕ್ಕು ಪ್ಲಸ್, ಬಂದಿದ್ದು ಮೈನಸ್ 20. ಈಗ 30ರಲ್ಲಿ ಮೈನಸ್ 20 ಕಳೀರಿ, 50 ತಾನಾಗೇ ಬರುತ್ತೆ. ಬಾಣ ಹಾಕದೇ ಇರೋ ಉತ್ತರ ಸರಿ ಬಂದಿದ್ರೂ ನಾನು ಪೂರ್ತಿ ಮಾರ್ಕ್ಸ್ ಕೊಡಲ್ಲ.

ಎಂಎ ದಾರೀಲೂ 4000 ಬರುತ್ತೆ, ಆದ್ರೆ ನಡುವೆ 25000 ಅಂತ ಒಂದು ಅಸೆಲರೇಶನ್ ಬಂದು ಮಕ್ಕಳು ಗಾಬರಿಯಾಗಿ ಮತ್ತೆ ಮೊದಲಿಂದ ಶುರು ಮಾಡ್ತಾರೆ. ಅಲ್ದೆ ಫೋರ್ಸು ಒಂದೇ ಸಮ ಇರಲ್ಲ, ಏರಿ ಇಳಿಯುತ್ತೆ, 4000 ಅನ್ನೋದು ಸರಾಸರಿ. ಟೈಮ್ ಜೊತೆ ಫೋರ್ಸ್ ಹೇಗೆ ಬದಲಾಗುತ್ತೆ ಅನ್ನೋ ಗ್ರಾಫು ತ್ರಿಕೋನ ಆಗಿದ್ರೆ ತುದೀಲಿ 8000. ಗ್ರಾಫ್ ಕೊಟ್ಟಿದ್ರೆ ಅದರ ಏರಿಯಾನೇ ಇಂಪಲ್ಸ್, ಇಷ್ಟು ಸಲೀಸು ಇನ್ಯಾವುದ್ರಲ್ಲೂ ಇಲ್ಲ.

ವರ್ಕ್-ಎನರ್ಜಿ ದಿಕ್ಕನ್ನೇ ನೋಡಲ್ಲ. ಬಾಲು 20ರಲ್ಲಿ ಬಂದು 20ರಲ್ಲೇ ವಾಪಸ್ ಹೋದ್ರೆ ಎನರ್ಜಿ ಬದಲಾವಣೆ ಸೊನ್ನೆ, ಫೋರ್ಸ್ ಬಗ್ಗೆ ಏನೂ ಸಿಗಲ್ಲ. ಆದ್ರೆ ಬ್ರೇಕ್ ಹಾಕಿದ ಮೇಲೆ ಜೀಪು ಎಷ್ಟು ದೂರ ಹೋಗಿ ನಿಂತಿತು ಅಂತ ಕೊಟ್ಟು ಟೈಮ್ ಕೊಡದೇ ಇದ್ರೆ ಅದೇ ಬೆಸ್ಟು.

ಸಿಇಟಿ ಫಿಸಿಕ್ಸಲ್ಲಿ 60 ಪ್ರಶ್ನೆ, 80 ನಿಮಿಷ, ಒಂದಕ್ಕೆ 80 ಸೆಕೆಂಡು. ನಮ್ಮ ಬಜೆಟ್ ಅಷ್ಟೇ, ಟೈಮ್ ಕೊಟ್ಟಿದ್ರೆ ಇಂಪಲ್ಸ್ ಹಾಕಿ. ರಾಟೆ, ಇಳಿಜಾರು, ಹಗ್ಗದ ಟೆನ್ಷನ್ ಬಂದ್ರೆ ಮಾತ್ರ ಎಂಎ.